ನಾಲ್ಕರಲ್ಲಿ ಒಂದು ಎಂದರೆ ಏನು?

(ಸಂಸ್ಥೆಯ ವಾರ್ಷಿಕೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಕಾರ್ಯಕ್ರಮ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ಉರ್ದು ಮತ್ತು ಕನ್ನಡ ಭಾಷಾ ಶಿಕ್ಷಕಿ’ ಎಂದು ಅಚ್ಚಾಗಿದೆ. ಅದರ ಪಕ್ಕದಲ್ಲೇ ವಿಷಯ ‘ಅನುವಂಶೀಯತೆ’ ಎಂದೂ ಅಚ್ಚಾಗಿದೆ. ಬೆಳಿಗ್ಗೆಯಿಂದ ಮೂರು ಜನ ನನ್ನನ್ನು ಕರೆದು, "ಏನಮ್ಮಾ, ಪ್ರೆಸ್ಸಿನವರು ತಪ್ಪು ಮಾಡಿದ್ದಾರಲ್ಲ" ಎಂದರು. ಪ್ರೆಸ್ಸಿನವರದು ತಪ್ಪಿಲ್ಲ. ತಪ್ಪು ಮಾಡಿದವಳು ನಾನು. ಅದನ್ನು ತಮ್ಮ ಮುಂದೆ ಹೇಳಿಕೊಳ್ಳುವುದಕ್ಕಾಗಿಯೇ ಈ ವಿಷಯವನ್ನು ಕೇಳಿ ಪಡೆದುಕೊಂಡೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿದ್ದ ಒಬ್ಬ ಹುಡುಗಿಯ ತಾಯಿ ಒಂದು ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಆಸ್ಪತ್ರೆಯ ಕಾಗದಗಳು. ಆಕೆ ಉರ್ದು ಓದಬಲ್ಲರು, ಕನ್ನಡ ಮಾತನಾಡಬಲ್ಲರು. ಕಾಗದಗಳು ಇಂಗ್ಲಿಷಿನಲ್ಲಿದ್ದವು. "ಆಪಾ, ಇದರಲ್ಲಿ ಏನು ಬರೆದಿದ್ದಾರೆ, ಸ್ವಲ್ಪ ಓದಿ ಹೇಳಿ" ಎಂದರು. ಅವರಿಗೆ ಮೂವರು ಮಕ್ಕಳು. ದೊಡ್ಡವಳು ನನ್ನ ವಿದ್ಯಾರ್ಥಿನಿ, ಎರಡನೆಯವನು ಆರೋಗ್ಯವಾಗಿರುವ ಹುಡುಗ. ಮೂರನೆಯ ಮಗುವಿಗೆ ಎರಡು ವರ್ಷ. ಅದಕ್ಕೆ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಇರುವುದು ಗೊತ್ತಾಗಿತ್ತು. ತಾಯಿ ತಂದೆ ಇಬ್ಬರೂ ವಾಹಕರು ಎಂದು ಕಾಗದದಲ್ಲಿತ್ತು. ಕೊನೆಯ ಸಾಲಿನಲ್ಲಿ, ಪ್ರತಿಯೊಂದು ಗರ್ಭಧಾರಣೆಯಲ್ಲಿ ಶೇಕಡ 25ರಷ್ಟು ಸಂಭವ ಎಂಬ ಅರ್ಥದ ಮಾತಿತ್ತು.

ನಾನು ಓದಿದೆ. ಶೇಕಡ 25 ಎಂದರೆ ಆಕೆಗೆ ತಿಳಿಯಲಿಕ್ಕಿಲ್ಲ ಎಂದುಕೊಂಡು ಸುಲಭ ಮಾಡಿ ಹೇಳಿದೆ: "ಚಾರ್ ಮೆ ಏಕ್ ಬಚ್ಚೇ ಕು ಹೋತಾ." ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ ಎಂದರ್ಥ. ಆಕೆ ಬೆರಳು ಮಡಿಸಿ ಎಣಿಸಿದರು. ಮೂವರಲ್ಲಿ ಒಬ್ಬನಿಗೆ ಬಂದಾಗಿದೆ. ಹಾಗಾದರೆ ನಾಲ್ಕನೆಯದಕ್ಕೆ ಭಯವಿಲ್ಲ ಎಂದು ಅವರ ಮುಖ ಸ್ವಲ್ಪ ಹಗುರವಾಯಿತು. ನಾನು ಅದನ್ನು ನೋಡಿದೆ, ಸಮಾಧಾನವೂ ಪಟ್ಟೆ. ‘ಪ್ರತಿಯೊಂದು’ ಎಂಬ ಒಂದು ಪದವನ್ನು ಅನುವಾದದಲ್ಲಿ ಬಿಟ್ಟಿದ್ದೇನೆ ಎಂಬ ಅರಿವು ನನಗಿರಲಿಲ್ಲ. ಭಾಷೆ ಕಲಿಸಿ ಸಂಬಳ ತೆಗೆದುಕೊಳ್ಳುವವಳು ನಾನು!

ಮುಂದಿನ ವರ್ಷ ನಾಲ್ಕನೆಯ ಮಗು ಹುಟ್ಟಿತು. ಒಂಬತ್ತು ತಿಂಗಳಾಗುವ ಹೊತ್ತಿಗೆ ಬಿಳಿಚಿಕೊಳ್ಳತೊಡಗಿತು. ಅದಕ್ಕೂ ಅದೇ ಕಾಯಿಲೆ.

ಆ ತಾಯಿಯ ಅನುಮತಿ ಪಡೆದೇ ಇದನ್ನು ಹೇಳುತ್ತಿದ್ದೇನೆ. ಊರು, ಹೆಸರು ಬೇಡ.

ಅದೇ ವರ್ಷ ನಮ್ಮ ಶಾಲೆಯಲ್ಲಿ ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿ ಬಿತ್ತು. ಹತ್ತನೆಯ ತರಗತಿಯ ಜೀವಶಾಸ್ತ್ರದ ಪಾಠಗಳನ್ನು ಹಂಚಿಕೊಂಡಾಗ ಅನುವಂಶೀಯತೆಯ ಪಾಠ ನನ್ನ ಪಾಲಿಗೆ ಬಂತು. ಪಿಯುಸಿಯಿಂದ ಕಲಾ ವಿಭಾಗದಲ್ಲಿ ಓದಿದವಳು ನಾನು. ರಾತ್ರಿ ಕುಳಿತು ಮಕ್ಕಳಿಗಿಂತ ಒಂದು ದಿನ ಮುಂದಾಗಿ ಓದಿಕೊಂಡೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬೇಕಾದದ್ದು ಇಷ್ಟೇ: ಮೆಂಡಲನ ಹೆಸರು, ಎತ್ತರ ಗಿಡ್ಡ ಬಟಾಣಿ, ಒಂದು ಚೌಕ, ಮೂರಕ್ಕೆ ಒಂದು ಎಂಬ ಅನುಪಾತ. ಮೂರು ಅಂಕ ಖಚಿತ. ಈ ಮೂರು ಅಂಕದ ಉತ್ತರವನ್ನು ಬಾಯಿಪಾಠ ಮಾಡಿಸುತ್ತಿರುವಾಗಲೇ ನಾನು ಆ ಮಧ್ಯಾಹ್ನ ಮಾಡಿದ ಅನುವಾದ ನೆನಪಿಗೆ ಬಂದು ಕೈ ನಿಂತಿತು.

ವಿದ್ಯಾರ್ಥಿ ಮಿತ್ರರೇ, ಮೆಂಡಲನ ವಿಷಯವನ್ನು ಮೊದಲು ಸ್ವಲ್ಪ ಹೇಳುತ್ತೇನೆ. ಗ್ರೆಗರ್ ಮೆಂಡಲ್ ಹುಟ್ಟಿದ್ದು 1822ರಲ್ಲಿ, ಬಡ ರೈತನ ಮನೆಯಲ್ಲಿ. ಈಗ ಝೆಕ್ ಗಣರಾಜ್ಯದಲ್ಲಿರುವ ಬ್ರನೊ ಪಟ್ಟಣದ ಕ್ರೈಸ್ತ ಮಠ ಸೇರಿದ. ಶಾಲೆಯಲ್ಲಿ ಬದಲಿ ಶಿಕ್ಷಕನಾಗಿ ಪಾಠ ಹೇಳುತ್ತಿದ್ದ. ಖಾಯಂ ಶಿಕ್ಷಕನಾಗಲು 1850ರಲ್ಲಿ ಅರ್ಹತಾ ಪರೀಕ್ಷೆ ಬರೆದು ಅನುತ್ತೀರ್ಣನಾದ. 1856ರಲ್ಲಿ ಮತ್ತೆ ಪ್ರಯತ್ನಿಸಿದ, ಆಗಲೂ ಕೈಗೂಡಲಿಲ್ಲ. ಟಿಇಟಿಗೆ ಕುಳಿತು ಬಂದ ನಮ್ಮಲ್ಲಿ ಕೆಲವರಿಗೆ ಈ ವಿಷಯ ಹೇಳಿದರೆ ಧೈರ್ಯ ಬರುತ್ತದೆ. ಅದೇ 1856ರಲ್ಲಿ ಮಠದ ತೋಟದಲ್ಲಿ ಬಟಾಣಿ ಗಿಡಗಳ ಪ್ರಯೋಗ ಶುರು ಮಾಡಿದ. ಎಂಟು ವರ್ಷ, ಸುಮಾರು 28 ಸಾವಿರ ಗಿಡ. 1865ರಲ್ಲಿ ಬ್ರನೊ ಪಟ್ಟಣದ ಸಭೆಯೊಂದರಲ್ಲಿ ಪ್ರಬಂಧ ಓದಿದ, ಮರುವರ್ಷ ಅದು ಅಚ್ಚಾಯಿತು. ಗಮನಿಸಿದವರು ಬಹಳ ಕಡಿಮೆ. ಆತ 1884ರಲ್ಲಿ ತೀರಿಕೊಂಡ. ಜಗತ್ತು ಅವನ ಕೆಲಸವನ್ನು ಕಂಡುಕೊಂಡದ್ದು 1900ರಲ್ಲಿ.

ಆತ ಮಾಡಿದ್ದು ಬಹಳ ಸರಳ ಕೆಲಸ. ಎಣಿಸಿದ. ಅವನಿಗಿಂತ ಮೊದಲೂ ಗಿಡಗಳನ್ನು ಬೆರೆಸಿದವರಿದ್ದರು. ಆತ ಪೀಳಿಗೆ ಪೀಳಿಗೆಯಾಗಿ ಬೀಜಗಳನ್ನು ಬೇರ್ಪಡಿಸಿ ಲೆಕ್ಕ ಬರೆದಿಟ್ಟ. ಗುಂಡು ಬೀಜದ ಗಿಡವನ್ನೂ ಸುಕ್ಕು ಬೀಜದ ಗಿಡವನ್ನೂ ಬೆರೆಸಿದರೆ ಮೊದಲ ಪೀಳಿಗೆಯಲ್ಲಿ ಎಲ್ಲ ಬೀಜವೂ ಗುಂಡು. ಸುಕ್ಕು ಮಾಯ. ಆ ಗುಂಡು ಬೀಜಗಳನ್ನು ಬಿತ್ತಿ ಸ್ವಕೀಯ ಪರಾಗಸ್ಪರ್ಶಕ್ಕೆ ಬಿಟ್ಟರೆ ಎರಡನೆಯ ಪೀಳಿಗೆಯಲ್ಲಿ 5,474 ಗುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಎತ್ತರ ಗಿಡ್ಡದಲ್ಲಿ 787ಕ್ಕೆ 277. ಹಳದಿ ಹಸಿರಿನಲ್ಲಿ 6,022ಕ್ಕೆ 2,001. ಎಲ್ಲ ಕಡೆ ಅದೇ.

ಇಷ್ಟು ನಿಮ್ಮ ಪುಸ್ತಕದಲ್ಲಿದೆ. ಗೈಡುಗಳಲ್ಲಿ ಇಲ್ಲದ ಒಂದು ಮಾತು ಅದೇ ಪ್ರಬಂಧದಲ್ಲಿದೆ. ಒಂದೊಂದು ಗಿಡವನ್ನು ಪ್ರತ್ಯೇಕವಾಗಿ ನೋಡಿದಾಗ ಒಂದು ಗಿಡದಲ್ಲಿ 43 ಗುಂಡು, ಬರೀ 2 ಸುಕ್ಕು ಬೀಜಗಳು ಸಿಕ್ಕವು. ಇನ್ನೊಂದರಲ್ಲಿ 14 ಗುಂಡು, 15 ಸುಕ್ಕು! ಸಾವಿರಾರು ಬೀಜ ಎಣಿಸಿದಾಗ ಮೂರಕ್ಕೆ ಒಂದು ಎಂದು ಬರುವ ಲೆಕ್ಕ ಒಂದೇ ಗಿಡದಲ್ಲಿ ಹೀಗೂ ಬರಬಹುದು, ಹಾಗೂ ಬರಬಹುದು. ಮನುಷ್ಯರ ಸಂಸಾರ ಎಂದರೆ ಎರಡು, ಮೂರು, ನಾಲ್ಕು ಮಕ್ಕಳು. ಅಲ್ಲಿ ಇನ್ನೂ ಹೆಚ್ಚು ಏರುಪೇರು.

ಈಗ ಆ ಚೌಕಕ್ಕೆ ಬರೋಣ. ಕೇಂಬ್ರಿಡ್ಜಿನ ಪನ್ನೆಟ್ ಎಂಬವರು ರೂಪಿಸಿದ್ದರಿಂದ ಅದನ್ನು ಪನ್ನೆಟ್ ಚೌಕ ಎನ್ನುತ್ತೇವೆ. ಮೇಲೆ ತಂದೆಯ ಎರಡು ಜೀನ್, ಎಡಕ್ಕೆ ತಾಯಿಯ ಎರಡು ಜೀನ್, ಒಳಗೆ ನಾಲ್ಕು ಮನೆ. ಪುಸ್ತಕದಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಟಿ, ಚಿಕ್ಕಕ್ಷರ ಟಿ ಬಳಸಿರುತ್ತಾರೆ. ಕನ್ನಡದಲ್ಲೂ ಉರ್ದುವಿನಲ್ಲೂ ದೊಡ್ಡಕ್ಷರ ಚಿಕ್ಕಕ್ಷರ ಎಂಬುದೇ ಇಲ್ಲವಲ್ಲ! ಶಿಕ್ಷಕರು "ಟಿ ಟಿ, ಟಿ ಟಿ" ಎಂದು ಹೇಳುತ್ತಾ ಹೋದರೆ ಹಿಂದಿನ ಬೆಂಚಿನ ಮಗುವಿಗೆ ಎಲ್ಲವೂ ಒಂದೇ ಕೇಳಿಸುತ್ತದೆ. ಆದ್ದರಿಂದ ನಾನು ಅಕ್ಷರ ಬಿಟ್ಟು ಅಂಗಿ ಗುಂಡಿ ಹಿಡಿದೆ. ಟೈಲರ್ ಅಂಗಡಿಯಿಂದ ಒಂದೇ ಅಳತೆಯ ಕಪ್ಪು ಗುಂಡಿ, ಬಿಳಿ ಗುಂಡಿ ತಂದೆ. ಕಪ್ಪು ಎಂದರೆ ಪ್ರಬಲ ಗುಣ, ಬಿಳಿ ಎಂದರೆ ದುರ್ಬಲ ಗುಣ. ತಂದೆಯದೊಂದು ಚೀಲ, ತಾಯಿಯದೊಂದು ಚೀಲ. ಎರಡರಲ್ಲೂ ಒಂದು ಕಪ್ಪು, ಒಂದು ಬಿಳಿ. ಕಣ್ಣು ಮುಚ್ಚಿ ಪ್ರತಿ ಚೀಲದಿಂದ ಒಂದೊಂದು ಗುಂಡಿ ತೆಗೆಯಬೇಕು. ಆ ಎರಡು ಗುಂಡಿ ಸೇರಿ ಒಂದು ಮಗು. ಬರೆದುಕೊಂಡ ಮೇಲೆ ಗುಂಡಿಗಳನ್ನು ಅದರದರ ಚೀಲಕ್ಕೆ ಮತ್ತೆ ಹಾಕಬೇಕು.

ಈ ಕೊನೆಯ ಮಾತಿನಲ್ಲೇ ಎಲ್ಲವೂ ಇದೆ. ತೆಗೆದ ಗುಂಡಿ ಚೀಲಕ್ಕೆ ಮರಳುತ್ತದೆ. ಮುಂದಿನ ಮಗುವಿಗೆ ಚೀಲ ಮೊದಲಿನಂತೆಯೇ ಇರುತ್ತದೆ. ಹಿಂದಿನ ಸಲ ಏನು ಬಂತು ಎಂಬುದು ಚೀಲಕ್ಕೆ ನೆನಪಿರುವುದಿಲ್ಲ. ನಾನು ಆ ತಾಯಿಯ ಮನಸ್ಸಿನಲ್ಲಿ ಮೂಡಿಸಿದ ಚಿತ್ರ ಬೇರೆಯೇ ಆಗಿತ್ತು. ಒಂದು ಡಬ್ಬಿ, ಅದರೊಳಗೆ ನಾಲ್ಕು ಚೀಟಿ. ಒಂದರಲ್ಲಿ ಕಾಯಿಲೆ, ಮೂರರಲ್ಲಿ ಆರೋಗ್ಯ. ಕಾಯಿಲೆಯ ಚೀಟಿ ಎತ್ತಿ ಆಗಿದೆ, ಇನ್ನು ಉಳಿದದ್ದೆಲ್ಲ ಒಳ್ಳೆಯದೇ. ಚೌಕವನ್ನು ನೋಡುವ ವಿದ್ಯಾರ್ಥಿಗಳೂ ಹೀಗೇ ತಿಳಿಯುತ್ತಾರೆ. ನಾಲ್ಕು ಮನೆ ಎಂದರೆ ನಾಲ್ಕು ಮಕ್ಕಳು ಎಂದುಕೊಳ್ಳುತ್ತಾರೆ. ದಯವಿಟ್ಟು ಇದನ್ನು ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳಿ: ಚೌಕದ ನಾಲ್ಕು ಮನೆಗಳು ಒಂದೇ ಮಗುವಿನ ನಾಲ್ಕು ಸಾಧ್ಯತೆಗಳು. ಎರಡನೆಯ ಮಗುವಿಗೆ ಹೊಸ ಚೌಕ ಬರೆಯಬೇಕು. ಮೂರನೆಯದಕ್ಕೆ ಮತ್ತೊಂದು.

ಆ ದಿನ ತರಗತಿಯಲ್ಲಿ 42 ಮಕ್ಕಳಿದ್ದರು. ಇಬ್ಬಿಬ್ಬರಂತೆ 21 ಜೋಡಿ. ಪ್ರತಿ ಜೋಡಿಯೂ ನಾಲ್ಕು ಮಕ್ಕಳಿರುವ ಐದು ಸಂಸಾರಗಳನ್ನು ಗುಂಡಿಯಿಂದ ಮಾಡಬೇಕು. ಒಟ್ಟು 105 ಸಂಸಾರ, 420 ಮಕ್ಕಳು. ಇಡೀ ತರಗತಿಯ ಲೆಕ್ಕ ಕೂಡಿಸಿದಾಗ ಎರಡೂ ಬಿಳಿ ಬಂದ ಮಕ್ಕಳು 107. ನಾಲ್ಕನೇ ಒಂದು ಪಾಲು ಎಂದರೆ 105 ಆಗಬೇಕಿತ್ತು. ಮೆಂಡಲ್ ಸಾಹೇಬರ ಮಾತು ಸುಳ್ಳಾಗಲಿಲ್ಲ. ಆಮೇಲೆ ಸಂಸಾರಗಳನ್ನು ವಿಂಗಡಿಸಿದೆವು. ನಾಲ್ಕು ಮಕ್ಕಳಲ್ಲಿ ಒಂದೂ ಬಿಳಿ ಜೋಡಿ ಇಲ್ಲದ ಸಂಸಾರ 31. ಸರಿಯಾಗಿ ಒಂದು ಇದ್ದದ್ದು 45. ಎರಡು ಇದ್ದದ್ದು 25. ಮೂರು ಇದ್ದದ್ದು 4.

‘ನಾಲ್ಕರಲ್ಲಿ ಒಂದು’ ಎಂಬ ಮಾತು ಅಕ್ಷರಶಃ ನಡೆದದ್ದು ಅರ್ಧಕ್ಕಿಂತ ಕಡಿಮೆ ಸಂಸಾರಗಳಲ್ಲಿ. ಇದೇನೂ ನಮ್ಮ ತರಗತಿಯ ವಿಚಿತ್ರವಲ್ಲ. ಗಣಿತದ ಶಿಕ್ಷಕರನ್ನು ಕೇಳಿದರೆ ಕಾಗದದ ಮೇಲೆಯೂ ಇದೇ ಉತ್ತರ ಕೊಡುತ್ತಾರೆ. ಇಂಥ ನೂರು ಸಂಸಾರಗಳಲ್ಲಿ ಸುಮಾರು 32ರಲ್ಲಿ ಯಾವ ಮಗುವಿಗೂ ಇಲ್ಲ, 42ರಲ್ಲಿ ಒಂದಕ್ಕೆ, 21ರಲ್ಲಿ ಎರಡಕ್ಕೆ, 5ರಲ್ಲಿ ಮೂರು ಅಥವಾ ನಾಲ್ಕಕ್ಕೆ. ಆ ತಾಯಿಯ ಮನೆ ಆ 21ರ ಪೈಕಿ ಒಂದು. "ನಮಗೇ ಯಾಕೆ ಎರಡು ಸಲ ಹೀಗಾಯಿತು, ಏನು ಗುನಾಹ್ ಮಾಡಿದ್ದೆವು" ಎಂದು ಆಕೆ ಅಳುತ್ತಿದ್ದರು. ಐದು ಮನೆಗೆ ಒಂದರಂತೆ ಆಗುವ ಸಂಗತಿಗೆ ಯಾರ ಗುನಾಹೂ ಬೇಕಿಲ್ಲ.

ದ್ವಿತಳೀಕರಣದ 9:3:3:1 ಎಂಬ ಅನುಪಾತ ಅನೇಕರಿಗೆ ತಲೆನೋವು. ಮೆಂಡಲನಿಗೆ 556 ಬೀಜಗಳಲ್ಲಿ 315, 108, 101, 32 ಬಂದಿತ್ತು. ಅದರಲ್ಲಿ ಹೊಸದೇನಿಲ್ಲ, ಮುಕ್ಕಾಲನ್ನು ಮುಕ್ಕಾಲಿನಿಂದ ಗುಣಿಸಿದರೆ ಹದಿನಾರರಲ್ಲಿ ಒಂಬತ್ತು. ಇದನ್ನು ಇಬ್ಬರು ಮಕ್ಕಳಿಗೆ ಹೊಂದಿಸಿ ನೋಡಿ. ಇಬ್ಬರೂ ಆರೋಗ್ಯವಾಗಿರುವ ಸಂಭವ 9. ಮೊದಲನೆಯದು ಆರೋಗ್ಯ, ಎರಡನೆಯದಕ್ಕೆ ಕಾಯಿಲೆ 3. ಅದರ ತಿರುವು ಮುರುವು 3. ಇಬ್ಬರಿಗೂ ಕಾಯಿಲೆ 1. ಬಟಾಣಿಯ ಲೆಕ್ಕವೂ ಮನೆಯ ಲೆಕ್ಕವೂ ಒಂದೇ.

ಗಂಡು ಹೆಣ್ಣಿನ ವಿಷಯದಲ್ಲೂ ಜನ ಇದೇ ತಪ್ಪು ಮಾಡುತ್ತಾರೆ. "ಮೂರು ಹೆಣ್ಣಾಯಿತು, ಈ ಸಲ ಗಂಡೇ" ಎನ್ನುತ್ತಾರೆ. ಹೆಣ್ಣಾದರೆ ಸೊಸೆಯನ್ನು ದೂರುತ್ತಾರೆ. ತಾಯಿಯ ಅಂಡದಲ್ಲಿ ಯಾವಾಗಲೂ ಎಕ್ಸ್ ವರ್ಣತಂತುವೇ ಇರುತ್ತದೆ. ಎಕ್ಸ್ ಅಥವಾ ವೈ ಬರುವುದು ತಂದೆಯ ಕಡೆಯಿಂದ. ಇದು ಒಂದು ಅಂಕದ ಪ್ರಶ್ನೆ. ಉತ್ತರ ಬರೆದು ಪಾಸಾದವರೂ ಮನೆಗೆ ಹೋಗಿ ಸೊಸೆಯನ್ನೇ ದೂರುವುದನ್ನು ಕಂಡಿದ್ದೇನೆ.

ಈಗ ನನ್ನ ಸ್ವಂತ ವಿಷಯ, ಅಂದರೆ ಪದಗಳ ವಿಷಯ. ಕನ್ನಡ ಪಾಠಗಳಲ್ಲಿ ‘ಪ್ರಬಲ’, ‘ದುರ್ಬಲ’ ಎನ್ನುತ್ತೇವೆ. ಉರ್ದುವಿನಲ್ಲಿ ‘ಗಾಲಿಬ್’, ‘ಮಗ್ಲೂಬ್’. ಗಾಲಿಬ್ ಎಂದ ಕೂಡಲೇ ನಮ್ಮ ಮಕ್ಕಳು ಮಿರ್ಜಾ ಸಾಹೇಬರನ್ನು ನೆನೆದು ನಗುತ್ತಾರೆ. ಮಗ್ಲೂಬ್ ಎಂದರೆ ಸೋತವನು, ಮೇಲುಗೈ ಬಿಟ್ಟುಕೊಟ್ಟವನು. ಸೋತವನು ಸತ್ತಿಲ್ಲ, ಹಿಂದೆ ನಿಂತಿದ್ದಾನೆ. ಈ ಪದ ಎಷ್ಟೋ ಮೇಲು. ಕನ್ನಡದ ‘ದುರ್ಬಲ’ ಎಂಬ ಪದ ಮಾತ್ರ ದಾರಿ ತಪ್ಪಿಸುತ್ತದೆ. ಆ ತಾಯಿಯ ಅತ್ತೆಗೆ ಯಾರೋ ‘ದುರ್ಬಲ ಜೀನ್’ ಎಂದು ಹೇಳಿದ್ದರು. ಅವರು ಅದನ್ನು ‘ಕಮ್ಜೋರ್ ಖೂನ್’ ಮಾಡಿಕೊಂಡರು. ಸೊಸೆಯ ತವರಿನವರದು ಕಮ್ಜೋರ್ ಖೂನ್ ಎಂದು ಓಣಿಯೆಲ್ಲ ಹರಡಿತು. ಮಗನಲ್ಲೂ ಅದೇ ಜೀನ್ ಇದೆ, ಇಬ್ಬರಲ್ಲೂ ಇರದಿದ್ದರೆ ಮಗುವಿಗೆ ಬರುತ್ತಲೇ ಇರಲಿಲ್ಲ ಎಂಬುದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ದುರ್ಬಲ ಗುಣ ಎಂದರೆ ಕೀಳು ಗುಣ ಎಂದಲ್ಲ, ಬಲವಿಲ್ಲದ್ದು ಎಂದೂ ಅಲ್ಲ. ಜೊತೆಯಲ್ಲಿ ಪ್ರಬಲ ಗುಣ ಇದ್ದಾಗ ಹೊರಗೆ ಕಾಣಿಸಿಕೊಳ್ಳದೆ ಅಡಗಿರುತ್ತದೆ, ಅಷ್ಟೆ. ಸುಕ್ಕು ಬಟಾಣಿಯೇ ಗುಂಡು ಬಟಾಣಿಗಿಂತ ಸಿಹಿ, ಅದರಲ್ಲಿ ಸಕ್ಕರೆ ಪೂರ್ತಿ ಪಿಷ್ಟವಾಗಿ ಬದಲಾಗುವುದಿಲ್ಲ. ರಕ್ತದ ಒ ಗುಂಪು ಕೂಡ ದುರ್ಬಲ ಗುಣವೇ. ಆದರೂ ನಮ್ಮ ದೇಶದಲ್ಲಿ ಅತಿ ಹೆಚ್ಚು ಜನರಲ್ಲಿ ಕಾಣುವ ಗುಂಪುಗಳಲ್ಲಿ ಅದೂ ಒಂದು. ತಂದೆ ಎ ಗುಂಪು, ತಾಯಿ ಬಿ ಗುಂಪು ಇದ್ದು ಇಬ್ಬರಲ್ಲೂ ಒ ಅಡಗಿದ್ದರೆ ಮಗು ಒ ಆಗಬಹುದು. ಶಾಲೆಯ ರಕ್ತ ತಪಾಸಣೆ ಶಿಬಿರದ ಕಾರ್ಡು ನೋಡಿ ಮನೆಯಲ್ಲಿ ಅನುಮಾನದ ಮಾತು ಎದ್ದ ಒಂದು ಪ್ರಸಂಗ ನನಗೆ ಗೊತ್ತು. ಆ ಮನೆಯ ಯಜಮಾನರು ಪದವೀಧರರು.

ಥಲಸ್ಸೇಮಿಯಾ ಏನೆಂದು ಚುಟುಕಾಗಿ ಹೇಳಬೇಕು. ರಕ್ತಕ್ಕೆ ಕೆಂಪು ಬಣ್ಣ ಕೊಟ್ಟು ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನನ್ನು ಸಾಕಷ್ಟು ತಯಾರಿಸಲಾಗದ ಸ್ಥಿತಿ ಅದು. ಎರಡೂ ಬಿಳಿ ಗುಂಡಿ ಬಂದ ಮಗುವಿಗೆ ಸಾಮಾನ್ಯವಾಗಿ ಹುಟ್ಟಿದ ಎರಡು ವರ್ಷದೊಳಗೆ ತೀವ್ರ ರಕ್ತಹೀನತೆ ಕಾಣಿಸಿಕೊಳ್ಳುತ್ತದೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಜೀವನಪೂರ್ತಿ, ರಕ್ತ ಹಾಕಿಸಬೇಕು. ಹಾಕಿದ ರಕ್ತದ ಕಬ್ಬಿಣಾಂಶ ಹೃದಯ, ಯಕೃತ್ತುಗಳಲ್ಲಿ ಸೇರಿಕೊಳ್ಳುವುದರಿಂದ ಅದನ್ನು ಹೊರಹಾಕುವ ಮಾತ್ರೆಯನ್ನೂ ಕೊಡಬೇಕು. ಅಸ್ಥಿಮಜ್ಜೆ ಕಸಿಯಿಂದ ಗುಣವಾಗುವ ಸಾಧ್ಯತೆ ಇದೆ. ಅದಕ್ಕೆ ಹೊಂದುವ ದಾನಿ ಬೇಕು. ಒಬ್ಬ ಒಡಹುಟ್ಟಿನ ಮಜ್ಜೆ ಹೊಂದುವ ಸಂಭವ ಎಷ್ಟು ಗೊತ್ತೇ? ಅದೂ ನಾಲ್ಕರಲ್ಲಿ ಒಂದು. ಪ್ರತಿಯೊಬ್ಬ ಒಡಹುಟ್ಟಿಗೂ ಬೇರೆ ಬೇರೆಯಾಗಿ. ಆ ಕುಟುಂಬ ಮೂರು ವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ, ಎರಡು ಮಕ್ಕಳನ್ನು ಕರೆದುಕೊಂಡು ಹೋಗಿ ಸಂಜೆಯವರೆಗೆ ಕುಳಿತು ಬರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ, ಹಿಮೋಫಿಲಿಯಾ, ಕುಡಗೋಲು ಕಣ ರೋಗಗಳನ್ನೂ ಸೇರಿಸಿದ್ದಾರೆ. ಇದು ಬಹಳ ಮನೆಗಳಿಗೆ ತಿಳಿದಿಲ್ಲ. ಸಂಸ್ಥೆಯ ಸದಸ್ಯರು ಗಮನಿಸಬೇಕು.

ಒಂದೇ ಬಿಳಿ ಗುಂಡಿ ಇರುವವರು ವಾಹಕರು. ಅವರಿಗೆ ಕಾಯಿಲೆ ಇಲ್ಲ. ದುಡಿಯುತ್ತಾರೆ, ಆಡುತ್ತಾರೆ. ತಮ್ಮಲ್ಲಿ ಇದು ಇದೆ ಎಂದು ಗೊತ್ತೇ ಇರುವುದಿಲ್ಲ. ನಮ್ಮ ದೇಶದಲ್ಲಿ ನೂರಕ್ಕೆ ಸರಾಸರಿ 3ರಿಂದ 4 ಜನ ಹೀಗಿದ್ದಾರೆ. ಈ ಸಭಾಂಗಣದಲ್ಲಿಯೂ ಕೆಲವರು ಇರಬಹುದು.

ಇಲ್ಲಿ ನನ್ನ ವಿದ್ಯಾರ್ಥಿನಿ, ಆ ಮನೆಯ ದೊಡ್ಡ ಮಗಳು, ಕೇಳಿದ ಪ್ರಶ್ನೆಗೆ ಬರುತ್ತೇನೆ. ಗುಂಡಿಯ ಆಟ ಮುಗಿದ ದಿನ ಎಲ್ಲರೂ ಹೋದ ಮೇಲೆ ಅವಳು ನಿಂತಿದ್ದಳು. "ಟೀಚರ್, ನಾನು ಚೆನ್ನಾಗಿದ್ದೇನೆ. ಹಾಗಾದರೆ ನನ್ನಲ್ಲಿ ಬಿಳಿ ಗುಂಡಿ ಇರುವ ಸಂಭವ ಎಷ್ಟು?" ಎಂದಳು. ನಾನು ಥಟ್ಟನೆ ಅರ್ಧ ಎಂದೆ. ಚೌಕದ ನಾಲ್ಕರಲ್ಲಿ ಎರಡು ಮನೆ ಕಪ್ಪು ಬಿಳಿ ಅಲ್ಲವೇ? ಅವಳು ಸ್ವಲ್ಪ ಹೊತ್ತು ಚೌಕ ನೋಡಿ, "ಇಲ್ಲ ಟೀಚರ್, ಬಿಳಿ ಬಿಳಿ ಮನೆ ನನ್ನದಲ್ಲ ಅಂತ ಗೊತ್ತಾಗಿದೆಯಲ್ಲ, ಅದನ್ನ ಹೊಡೆದು ಹಾಕಬೇಕು" ಎಂದಳು. ಉಳಿದದ್ದು ಮೂರು ಮನೆ. ಅದರಲ್ಲಿ ಎರಡು ಕಪ್ಪು ಬಿಳಿ. ಮೂರರಲ್ಲಿ ಎರಡು! ಅವಳದು ಸರಿ, ನನ್ನದು ತಪ್ಪು. ಥಲಸ್ಸೇಮಿಯಾ ಇರುವ ಮಗುವಿನ ಆರೋಗ್ಯವಂತ ಅಣ್ಣ, ತಮ್ಮ, ಅಕ್ಕ, ತಂಗಿ ಯಾರೇ ಇರಲಿ, ಅವರು ವಾಹಕರಾಗಿರುವ ಸಂಭವ ಮೂರರಲ್ಲಿ ಎರಡು. ಆ ಮಕ್ಕಳ ಮದುವೆಯ ಮಾತು ಬಂದಾಗ ಈ ಲೆಕ್ಕ ಬೇಕಾಗುತ್ತದೆ.

ಮದುವೆ ಎಂದೊಡನೆ ರಿಶ್ತೇದಾರಿಯ ಮಾತು ಬರುತ್ತದೆ. ಆ ದಂಪತಿಗಳು ಅಕ್ಕ ತಂಗಿಯರ ಮಕ್ಕಳು, ಖಾಲಾಜಾದ್. ಇದು ನಮ್ಮ ಸಮುದಾಯದಲ್ಲಿ ಮಾತ್ರ ಇರುವ ಪದ್ಧತಿಯೆಂದು ಹೊರಗಿನವರು ಹೇಳುವುದುಂಟು. ನಮ್ಮ ಕರ್ನಾಟಕದಲ್ಲಿ ಸೋದರಮಾವನನ್ನು, ಸೋದರತ್ತೆಯ ಮಗನನ್ನು ಮದುವೆಯಾಗುವುದು ಎಷ್ಟು ಜಾತಿಗಳಲ್ಲಿದೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಬಳಗದಲ್ಲಿ ಮದುವೆಯಾಗಬೇಡಿ ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಲೆಕ್ಕವನ್ನು ಮಾತ್ರ ಮುಂದಿಡುತ್ತೇನೆ. ಒಬ್ಬ ಹುಡುಗ ವಾಹಕ ಎಂದಿಟ್ಟುಕೊಳ್ಳಿ. ಹೊರಗಿನ ಹುಡುಗಿಯಲ್ಲಿ ಅದೇ ಇರುವ ಸಂಭವ ನೂರಕ್ಕೆ ಮೂರು ನಾಲ್ಕು. ಖಾಲಾನ ಮಗಳಲ್ಲಿ ಎಂಟಕ್ಕೆ ಒಂದಕ್ಕಿಂತ ಕಡಿಮೆಯಿಲ್ಲ. ಹೇಗೆಂದರೆ, ಆ ಜೀನ್ ಅವನಿಗೆ ತಾಯಿಯ ಕಡೆಯಿಂದ ಬಂದಿರುವ ಸಂಭವ ಅರ್ಧ, ಅದು ತಾಯಿಯ ತಂಗಿಯಲ್ಲೂ ಇರುವ ಸಂಭವ ಅದರ ಅರ್ಧ, ಅಲ್ಲಿಂದ ಆಕೆಯ ಮಗಳಿಗೆ ಇಳಿದಿರುವುದು ಮತ್ತೆ ಅರ್ಧ. ಅವರ ಮಗುವಿಗೆ ಕಾಯಿಲೆ ಬರುವ ಸಂಭವ ಇದರ ನಾಲ್ಕನೇ ಒಂದು ಪಾಲು, ಅಂದರೆ ಮೂವತ್ತೆರಡಕ್ಕೆ ಒಂದು. ಹೊರಗಿನ ಹುಡುಗಿಯಾದರೆ ಸುಮಾರು ನೂರಕ್ಕೆ ಒಂದು. ಹೊರಗೆ ಮದುವೆಯಾದರೆ ಸೊನ್ನೆ ಎಂದು ತಿಳಿಯುವವರೂ ತಪ್ಪು ಮಾಡುತ್ತಾರೆ.

ಇಬ್ಬರ ರಕ್ತ ಪರೀಕ್ಷೆ ಮಾಡಿಸಿದರೆ ಈ ಸಂಭವಗಳ ಲೆಕ್ಕವೆಲ್ಲ ಬೇಕಾಗುವುದಿಲ್ಲ, ಇದೆಯೋ ಇಲ್ಲವೋ ನೇರವಾಗಿ ತಿಳಿಯುತ್ತದೆ. ಮೊದಲು ಸಾಮಾನ್ಯ ರಕ್ತಕಣ ಎಣಿಕೆ. ವಾಹಕರ ಕೆಂಪು ಕಣಗಳು ಸಾಮಾನ್ಯಕ್ಕಿಂತ ಚಿಕ್ಕವಾಗಿರುತ್ತವೆ. ಹಾಗೆ ಕಂಡರೆ ಹಿಮೋಗ್ಲೋಬಿನ್ ಎ2 ಎಂಬ ಅಂಶವನ್ನು ಅಳೆಯುವ ಪರೀಕ್ಷೆ. ಕಬ್ಬಿಣಾಂಶದ ಕೊರತೆಯಲ್ಲೂ ಕಣಗಳು ಚಿಕ್ಕವಾಗುವುದರಿಂದ ಎರಡನೆಯ ಪರೀಕ್ಷೆ ಬಿಡಬಾರದು. ಇರಾನಿನಲ್ಲಿ 1997ರಿಂದ ಮದುವೆಗೆ ಮೊದಲು ಈ ತಪಾಸಣೆಯನ್ನು ಕಡ್ಡಾಯ ಮಾಡಿದರು. ಅಲ್ಲಿ ಮೊದಲು ಹುಡುಗನ ರಕ್ತ ನೋಡುತ್ತಾರೆ. ಅವನ ಕಣಗಳು ಚಿಕ್ಕವಿದ್ದರೆ ಮಾತ್ರ ಹುಡುಗಿಯದು. ಸೌದಿ ಅರೇಬಿಯಾದಲ್ಲಿ 2004ರಿಂದ ಕಡ್ಡಾಯವಾಗಿದೆ. ಪರೀಕ್ಷೆ ಕಡ್ಡಾಯ, ಆದರೆ ಫಲಿತಾಂಶ ತಿಳಿದ ಮೇಲೆ ಮದುವೆಯಾಗುವುದು ಬಿಡುವುದು ಅವರಿಬ್ಬರ ನಿರ್ಧಾರ. ಹುಡುಗನದು ಮೊದಲು ಎಂಬ ಇರಾನಿನ ಕ್ರಮ ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಯಾವ ಪರೀಕ್ಷೆಯಾದರೂ ಹುಡುಗಿಯಿಂದಲೇ ಶುರುವಾಗುತ್ತದೆ, ಅಲ್ಲೇ ಮುಗಿಯುತ್ತದೆ.

ಆ ವರ್ಷದ ಬೇಸಿಗೆ ರಜೆಯಲ್ಲಿ ಗುಂಡಿಯ ಎರಡು ಚೀಲ ತೆಗೆದುಕೊಂಡು ಆ ತಾಯಿಯ ಮನೆಗೆ ಹೋದೆ. ನಾನು ಓದಿ ಹೇಳಿದ್ದರಲ್ಲಿ ಒಂದು ಪದ ಬಿಟ್ಟಿದ್ದೆ ಎಂದು ಹೇಳಿದೆ. ಆಕೆ ತಕ್ಷಣ ಏನೂ ಅನ್ನಲಿಲ್ಲ. ಚಹಾ ತಂದುಕೊಟ್ಟರು. ಆಮೇಲೆ ಚಾಪೆಯ ಮೇಲೆ ಕುಳಿತು ತಾವೇ ಗುಂಡಿ ತೆಗೆಯತೊಡಗಿದರು. ತೆಗೆಯುವುದು, ನೋಡುವುದು, ಮತ್ತೆ ಹಾಕುವುದು. ಬಹಳ ಹೊತ್ತು ಹಾಗೇ ಮಾಡಿದರು. ಅತ್ತೆಯೂ ಬಂದು ಪಕ್ಕದಲ್ಲಿ ಕುಳಿತರು. ಮಗನ ಚೀಲ ಯಾವುದು ಎಂದು ಕೇಳಿದರು, ತೋರಿಸಿದೆ. ಅದರೊಳಗೆ ಕೈಹಾಕಿ ಬಿಳಿ ಗುಂಡಿ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದರು. "ಆಪಾ, ನೀವು ಆವತ್ತೇ ಇದನ್ನ ತಂದಿದ್ದರೆ ಆಗುತ್ತಿತ್ತು" ಎಂದರು ಆ ತಾಯಿ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇವತ್ತಿಗೂ ಇಲ್ಲ.

ಆಮೇಲೆ ಆಕೆಯ ಮೈದುನನ ಮದುವೆ ಗೊತ್ತಾದಾಗ ಎರಡೂ ಕಡೆಯವರು ರಕ್ತ ಪರೀಕ್ಷೆ ಮಾಡಿಸಿದರು. ನನ್ನ ವಿದ್ಯಾರ್ಥಿನಿ ಈಗ ಕಾಲೇಜು ಓದುತ್ತಿದ್ದಾಳೆ. ಅವಳೂ ಪರೀಕ್ಷೆ ಮಾಡಿಸಿಕೊಂಡಿದ್ದಾಳೆ. ಫಲಿತಾಂಶ ನನಗೆ ಗೊತ್ತು, ಅದನ್ನು ಇಲ್ಲಿ ಹೇಳುವುದಿಲ್ಲ. ಅದು ಅವಳ ವಿಷಯ.

ಗುಂಡಿಯ ಚೀಲಗಳನ್ನು ಇವತ್ತೂ ತಂದಿದ್ದೇನೆ. ಊಟದ ವಿರಾಮದಲ್ಲಿ ವಿಜ್ಞಾನ ಮಾದರಿಗಳ ಮೇಜಿನ ಬಳಿ ಇರುತ್ತೇನೆ. ತೆಗೆದ ಗುಂಡಿಯನ್ನು ಚೀಲಕ್ಕೆ ಮತ್ತೆ ಹಾಕುವುದನ್ನು ಮರೆಯಬೇಡಿ.